ಮಾರದೆ ಬರುವ ಹಣ

ಮಳೆಗಾಲಕ್ಕೂ ಡಿವಿಡೆಂಡಿಗೂ ಸಂಬಂಧವಿಲ್ಲ. ಆದರೂ ನಮ್ಮ ದೇಶದಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಬಹುಪಾಲು ಕಂಪನಿಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಿರ್ದೇಶಕ ಮಂಡಳಿಗಳು ಸೇರಿ ಷೇರೊಂದಕ್ಕೆ ಇಷ್ಟು ಲಾಭಾಂಶ ಎಂದು ಶಿಫಾರಸು ಮಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವ ವಾರ್ಷಿಕ ಮಹಾಸಭೆಗಳಲ್ಲಿ ಷೇರುದಾರರು ಅದಕ್ಕೆ ಒಪ್ಪಿಗೆ ಕೊಡುತ್ತಾರೆ. ಒಪ್ಪಿಗೆಯಾದ ಮೂವತ್ತು ದಿನದೊಳಗೆ ಹಣ ತಲುಪಿಸಬೇಕು ಎನ್ನುವುದು ಕಾನೂನು. ಹಾಗಾಗಿ ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ನನ್ನ ಮೊಬೈಲಿಗೆ ಬ್ಯಾಂಕಿನ ಪುಟ್ಟಪುಟ್ಟ ಸಂದೇಶಗಳು ಬರತೊಡಗುತ್ತವೆ. ಒಂದರಲ್ಲಿ ನಾನೂರು ರೂಪಾಯಿ, ಇನ್ನೊಂದರಲ್ಲಿ ಎರಡು ಸಾವಿರದ ಚಿಲ್ಲರೆ. ಸಂಬಳದ ಮುಂದೆ ಇವು ಸಣ್ಣ ಮೊತ್ತಗಳೇ. ಆದರೂ ಸಂಬಳ ಬಂದಾಗ ಆಗದ ಒಂದು ಬಗೆಯ ಸಂತೋಷ ಇವು ಬಂದಾಗ ಆಗುತ್ತದೆ. ಸಂಬಳ ಈ ತಿಂಗಳು ನಾನು ದುಡಿದದ್ದಕ್ಕೆ ಬಂದದ್ದು. ಇದು ಎಂದೋ ಒಂದು ದಿನ ಖರ್ಚು ಮಾಡದೆ ಉಳಿಸಿದ್ದಕ್ಕೆ ಇಂದಿಗೂ ಬರುತ್ತಿರುವುದು.

ಈ ಸಂತೋಷದ ರುಚಿ ಹತ್ತಿಸಿದವರು ಉಡುಪಿಯ ನನ್ನ ದೊಡ್ಡಪ್ಪ. ಅವರು ಸರ್ಕಾರಿ ಶಾಲೆಯ ಮೇಷ್ಟ್ರು. ಷೇರು ಎಂದರೆ ಜೂಜು ಎಂದು ಬೇರೆ ಕಡೆಯವರು ಹೆದರುತ್ತಿದ್ದ ಕಾಲದಲ್ಲೂ ನಮ್ಮ ಕರಾವಳಿಯವರಿಗೆ ಅದರ ಪರಿಚಯವಿತ್ತು. ಅದಕ್ಕೆ ಕಾರಣ ಬ್ಯಾಂಕುಗಳು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಇವೆಲ್ಲ ಊರಿನ ವಕೀಲರು, ವೈದ್ಯರು, ವ್ಯಾಪಾರಿಗಳು, ರೈತರು ಕೈಜೋಡಿಸಿ ಕಟ್ಟಿದ ಸಂಸ್ಥೆಗಳು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೆ ಹೋಗಿ ಹಣ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದೂ ಇಲ್ಲೇ. ಠೇವಣಿ ಇಟ್ಟ ಬ್ಯಾಂಕಿನಲ್ಲಿ ಒಂದಿಷ್ಟು ಷೇರೂ ಇರಲಿ ಎಂದು ಯೋಚಿಸುವುದು ಆ ಊರಿನವರಿಗೆ ಸಹಜವಾಗಿತ್ತು.

ದೊಡ್ಡಪ್ಪನಿಗೆ ಅಂಚೆಯಲ್ಲಿ ಉದ್ದನೆಯ ಲಕೋಟೆಗಳು ಬರುತ್ತಿದ್ದವು. ಒಳಗೆ ಡಿವಿಡೆಂಡ್ ವಾರಂಟ್, ಚೆಕ್ಕಿನಂಥ ಕಾಗದ. ಅದನ್ನು ಜೋಪಾನವಾಗಿ ಹರಿದು ಬ್ಯಾಂಕಿಗೆ ಹಾಕಿ, ಉಳಿದ ತುಂಡನ್ನು ಫೈಲಿಗೆ ಸೇರಿಸುತ್ತಿದ್ದರು. ಆಮೇಲೆ ವಾರ್ಷಿಕ ವರದಿ ಹಿಡಿದು, ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತ ಜಗಲಿಯಲ್ಲಿ ಕೂರುತ್ತಿದ್ದರು.

“ದೊಡ್ಡಪ್ಪ, ಇದು ಬಡ್ಡಿಯಾ?” ಎಂದು ನಾನು ಕೇಳಿದ್ದೆ.

“ಬಡ್ಡಿ ಅಲ್ಲ ಮಾರಾಯ್ತಿ. ಬಡ್ಡಿ ಆದರೆ ಅವರು ಕೊಡಲೇಬೇಕು. ಇದು ಅವರಿಗೆ ಉಳಿದರೆ ಮಾತ್ರ ನಮಗೆ ಬರುವ ಪಾಲು. ಅದಕ್ಕೇ ಅವರಿಗೆ ಎಷ್ಟು ಉಳೀತು, ಯಾಕೆ ಉಳೀತು ಅಂತ ನಾವು ನೋಡ್ತಾ ಇರಬೇಕು.”

ಷೇರು ಹೂಡಿಕೆಯ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ. ಆ ಮಾತಿಗಿಂತ ಮೂಲಭೂತವಾದದ್ದು ಸಿಕ್ಕಿಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ 1610ರಲ್ಲಿ ತನ್ನ ಪಾಲುದಾರರಿಗೆ ಮೊದಲ ಲಾಭಾಂಶ ಹಂಚಿದ್ದು ನಾಣ್ಯದಲ್ಲಲ್ಲ, ಜಾಪತ್ರೆಯಲ್ಲಿ. ಘಟ್ಟದ ಕೆಳಗಿನ ನಮ್ಮ ತೋಟಗಳಲ್ಲೂ ಬೆಳೆಯುವ ಅದೇ ಜಾಪತ್ರೆ. ಲಾಭಾಂಶವೆಂದರೆ ಎಲ್ಲೋ ಯಾರೋ ನಿಜವಾಗಿ ಬೆಳೆದ, ಮಾಡಿದ, ಮಾರಿದ ವಸ್ತುವಿನಲ್ಲಿ ನಮ್ಮ ಪಾಲು ಎನ್ನುವುದು ಅಷ್ಟು ನೇರವಾಗಿ ಮತ್ತೆಲ್ಲೂ ಕಾಣಿಸುವುದಿಲ್ಲ.

ಆದರೆ ದೊಡ್ಡಪ್ಪನಿಗೂ ನನಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರಿಗೆ ಸರ್ಕಾರದ ಪಿಂಚಣಿ ಇತ್ತು. ಡಿವಿಡೆಂಡ್ ಬಂದರೆ ದೀಪಾವಳಿಗೆ ಮಕ್ಕಳಿಗೆ ಬಟ್ಟೆ, ಬಾರದಿದ್ದರೆ ಮನೆಯ ಅನ್ನಕ್ಕೆ ತೊಂದರೆಯಿಲ್ಲ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ದುಡಿಯುವ ನನಗೆ ಅಂಥ ಪಿಂಚಣಿ ಇಲ್ಲ. ಸರ್ಕಾರಿ ನೌಕರರಿಗೂ ಕಾಲ ಬದಲಾಗಿದೆ: 2004ರ ಜನವರಿಯಿಂದ ಕೇಂದ್ರದಲ್ಲಿ, 2006ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಹೊಸದಾಗಿ ಸೇರಿದವರು ನಿಗದಿತ ಪಿಂಚಣಿಯ ಖಾತ್ರಿಯಿಲ್ಲದ ಎನ್‌ಪಿಎಸ್‌ಗೆ ಬಂದರು. ದೊಡ್ಡಪ್ಪನ ತಲೆಮಾರಿಗೆ ತಾನಾಗಿ ಸಿಕ್ಕ ನೆಲವನ್ನು ನಮ್ಮ ತಲೆಮಾರು ತಾನೇ ಹಾಕಿಕೊಳ್ಳಬೇಕು. ಆದ್ದರಿಂದ ಡಿವಿಡೆಂಡಿನ ಮಾತು ಬಂದಾಗಲೆಲ್ಲ ನಾನು ಮೊದಲು ಕೇಳುವುದು, “ಪಿಎಫ್ ಸರಿಯಾಗಿ ಇದೆಯಾ?” ಎಂದೇ.

ಪಿಎಫ್, ಅಂದರೆ ಭವಿಷ್ಯನಿಧಿ, ಅಂಥ ನೆಲ. ನಮ್ಮ ಮೂಲವೇತನದ ಶೇ. 12 ನಾವು, ಅಷ್ಟೇ ಮಾಲೀಕರು. ಮಾಲೀಕರ ಪಾಲಿನಲ್ಲಿ 15,000 ರೂಪಾಯಿ ವೇತನದ ಮಿತಿಗೆ ಶೇ. 8.33, ಅಂದರೆ ಹೆಚ್ಚೆಂದರೆ ತಿಂಗಳಿಗೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದದ್ದು ನಮ್ಮ ಹೆಸರಿಗೆ. 2023-24ಕ್ಕೂ 2024-25ಕ್ಕೂ ಅದು ಕೊಟ್ಟ ಬಡ್ಡಿ ಶೇ. 8.25. ಕೆಲಸ ಬದಲಾಯಿಸಿದಾಗ ಅದನ್ನು ತೆಗೆದು ಖರ್ಚು ಮಾಡದೆ ಹೊಸ ಖಾತೆಗೆ ವರ್ಗಾಯಿಸಿಕೊಂಡರೆ ಅದಕ್ಕಿಂತ ನೆಮ್ಮದಿಯ ಆಸ್ತಿ ಸಂಬಳದಾರರಿಗೆ ಇನ್ನೊಂದಿಲ್ಲ. ಅದರ ಪಕ್ಕದಲ್ಲಿ 1968ರಿಂದ ನಡೆದು ಬಂದಿರುವ ಸಾರ್ವಜನಿಕ ಭವಿಷ್ಯನಿಧಿ, ಅಂದರೆ ಪಿಪಿಎಫ್: ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ, ಹದಿನೈದು ವರ್ಷದ ಅವಧಿ, 2020ರ ಏಪ್ರಿಲ್‌ನಿಂದ ಶೇ. 7.1 ಬಡ್ಡಿ, ಆ ಬಡ್ಡಿಗೆ ತೆರಿಗೆ ಇಲ್ಲ. ಇವೆರಡೂ ಪೂರ್ತಿ ಹಣ ಬೇಗ ಕೈಗೆ ಸಿಗದ ಹಾಗೆ ಬೀಗ ಹಾಕಿಕೊಂಡಿವೆ. ಆ ಬೀಗವೇ ಅವುಗಳ ಗುಣ. ನಾದಿನಿಯ ಸೈಟು, ಹೊಸ ಕಾರು ಎಂದು ಬರುವ ನೂರು ಆಸೆಗಳಿಂದ ಅರವತ್ತರ ನಮ್ಮನ್ನು ಅದು ಕಾಯುತ್ತದೆ.

ನೆಲ ಗಟ್ಟಿಯಾದ ಮೇಲೆ ಷೇರು. ಷೇರಿನಲ್ಲೂ ಮೊದಲು ಬೆಳವಣಿಗೆ, ಆಮೇಲೆ ಡಿವಿಡೆಂಡ್. ಈ ಮಾತನ್ನು ಬೆಂಗಳೂರಿನವರಿಗೆ ತುಂಬ ವಿವರಿಸಬೇಕಾಗಿಲ್ಲ, ಇನ್ಫೋಸಿಸ್ ನಮ್ಮ ಕಣ್ಣೆದುರೇ ಬೆಳೆದಿದೆ. 1993ರಲ್ಲಿ ಅದು ಸಾರ್ವಜನಿಕರಿಗೆ ಷೇರು ಕೊಟ್ಟಾಗ ಬೆಲೆ 95 ರೂಪಾಯಿ. ಆಮೇಲಿನ ಬೋನಸ್ಸುಗಳು, ಒಂದು ವಿಭಜನೆ ಎಲ್ಲ ಸೇರಿ ಅಂದಿನ ಒಂದು ಷೇರು ಇಂದಿಗೆ 1,024 ಷೇರು. 2024-25ನೇ ವರ್ಷಕ್ಕೆ ಕಂಪನಿ ಷೇರಿಗೆ ಕೊಟ್ಟ ಡಿವಿಡೆಂಡ್ ಒಟ್ಟು 43 ರೂಪಾಯಿ. ಅಂದರೆ ಅಂದು 95 ರೂಪಾಯಿ ಹಾಕಿ ಕದಲದೆ ಕೂತವರಿಗೆ ಆ ಒಂದೇ ವರ್ಷ ಬಂದ ಲಾಭಾಂಶ 44,032 ರೂಪಾಯಿ. ಆದರೆ ತೊಂಬತ್ತರ ದಶಕದ ಮಧ್ಯದಲ್ಲಿ ಷೇರು ಬಿಟ್ಟ ನೂರಾರು ಕಂಪನಿಗಳು ವಿಳಾಸವಿಲ್ಲದೆ ಮಾಯವಾದವು. ಅವುಗಳ ಪಟ್ಟಿ ಮಾಡುವ ಕೆಲಸ ಸರ್ಕಾರದ ತಲೆಗೇ ಬಂತು. ಆದ್ದರಿಂದ ಇನ್ಫೋಸಿಸ್ ಕಥೆಯಿಂದ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ತಿಳಿಯಬಾರದು. ತಿಳಿಯಬೇಕಾದದ್ದು ಇಷ್ಟು: ಇವತ್ತು ಕೈತುಂಬ ಬರುವ ಡಿವಿಡೆಂಡ್ ಅಂದು ಬೆಳೆಯುತ್ತಿದ್ದ ಕಂಪನಿಯಿಂದ ಬಂದದ್ದೇ ಹೊರತು, ಅಂದೇ ಕೈತುಂಬ ಕೊಡುತ್ತಿದ್ದ ಕಂಪನಿಯಿಂದಲ್ಲ.

ಅಡಿಕೆ ಸಸಿ ನೆಟ್ಟವರು ಮೊದಲ ಐದಾರು ವರ್ಷ ಅದರಿಂದ ಏನನ್ನೂ ಕೇಳುವುದಿಲ್ಲ; ನೀರು, ಗೊಬ್ಬರ, ನೆರಳು ಕೊಟ್ಟು ಕಾಯುತ್ತಾರೆ. ಒಮ್ಮೆ ಗೊನೆ ಬಿಡಲು ಶುರುವಾದರೆ ದಶಕಗಟ್ಟಲೆ ಬಿಡುತ್ತದೆ. ಡಿವಿಡೆಂಡ್ ಷೇರುಗಳ ಲೆಕ್ಕವೂ ಹಾಗೆಯೇ. ಸಾವಿರ ರೂಪಾಯಿಯ ಷೇರು ಈ ವರ್ಷ 20 ರೂಪಾಯಿ ಕೊಡುತ್ತದೆ ಎನ್ನಿ. ಬರೀ ಶೇ. 2, ಬ್ಯಾಂಕಿನ ಠೇವಣಿಯೇ ಏಳು ಕೊಡುತ್ತದಲ್ಲ ಎನಿಸುತ್ತದೆ. ಆ ಕಂಪನಿ ತನ್ನ ಲಾಭದ ಜೊತೆಗೆ ಡಿವಿಡೆಂಡನ್ನೂ ವರ್ಷಕ್ಕೆ ಶೇ. 12ರಂತೆ ಏರಿಸುತ್ತ ಹೋದರೆ ಹನ್ನೆರಡು ವರ್ಷಕ್ಕೆ ಅದು 78 ರೂಪಾಯಿ ಆಗುತ್ತದೆ. ಠೇವಣಿಯ 70 ರೂಪಾಯಿ ಅಂದಿಗೂ 70 ರೂಪಾಯಿಯೇ. ಬೆಲೆಯೇರಿಕೆ ಶೇ. 6ರಂತೆ ನಡೆದರೆ ಆ ಹನ್ನೆರಡು ವರ್ಷದಲ್ಲಿ 70 ರೂಪಾಯಿಯ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ನಿವೃತ್ತಿಯ ಮೇಲೂ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ನಮಗೆ ಏರುವ ಆದಾಯವೇ ಬೇಕು.

ಹಾಗೆಂದು ಲೆಕ್ಕವನ್ನು ಸಿಹಿ ಮಾಡಿ ಹೇಳಬಾರದು. ನಿಫ್ಟಿ ಐವತ್ತು ಕಂಪನಿಗಳ ಸರಾಸರಿ ಡಿವಿಡೆಂಡ್ ಇಳುವರಿ ಇತ್ತೀಚಿನ ವರ್ಷಗಳಲ್ಲಿ ಶೇ. ಒಂದೂಕಾಲರ ಆಸುಪಾಸು. ಚೆನ್ನಾಗಿ ಕೊಡುವ, ಆದರೂ ಬೆಳೆಯುವ ಕಂಪನಿಗಳನ್ನು ಆರಿಸಿದರೂ ಶೇ. ಎರಡೂವರೆ, ಮೂರು. ಎರಡೂವರೆಯ ಲೆಕ್ಕದಲ್ಲಿ ಹತ್ತು ಲಕ್ಷದ ಷೇರಿಗೆ ವರ್ಷಕ್ಕೆ 25,000 ರೂಪಾಯಿ, ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ತಿಂಗಳಿಗೆ 25,000 ಬೇಕಾದರೆ ಒಂದು ಕೋಟಿ ಇಪ್ಪತ್ತು ಲಕ್ಷ ಬೇಕು. “ಡಿವಿಡೆಂಡಿನಲ್ಲೇ ಆರಾಮಾಗಿ ಬದುಕಿ” ಎಂದು ಹೇಳುವವರು ಈ ಗುಣಾಕಾರವನ್ನು ಮಾಡಿ ತೋರಿಸಬೇಕು. ಇದು ಒಂದೆರಡು ವರ್ಷದ ಕೆಲಸವಲ್ಲ, ದುಡಿಮೆಯ ಇಡೀ ಆಯುಷ್ಯದ ಕೆಲಸ.

ಇಳುವರಿ ಕಡಿಮೆ ಎಂಬ ಆತುರದಿಂದಲೇ ಜನ ಹಳ್ಳಕ್ಕೆ ಬೀಳುವುದು. “ಸಾವಿರ ಪರ್ಸೆಂಟ್ ಡಿವಿಡೆಂಡ್” ಎಂಬ ಸುದ್ದಿ ಓದಿ ಹಿಗ್ಗುವವರಿದ್ದಾರೆ. ಆ ಪರ್ಸೆಂಟ್ ಮುಖಬೆಲೆಯ ಮೇಲಿನದು. ಮುಖಬೆಲೆ ಒಂದು ರೂಪಾಯಿ ಇದ್ದರೆ ಸಾವಿರ ಪರ್ಸೆಂಟ್ ಎಂದರೆ ಹತ್ತು ರೂಪಾಯಿ. ಷೇರಿನ ಮಾರುಕಟ್ಟೆ ಬೆಲೆ ಸಾವಿರ ಇದ್ದರೆ ನಿಜವಾದ ಇಳುವರಿ ಶೇ. 1. ಇನ್ನು ಕೆಲವರು ಡಿವಿಡೆಂಡ್ ಯಾರಿಗೆಂದು ಗೊತ್ತುಮಾಡುವ ದಾಖಲೆ ದಿನದ ಹಿಂದಿನ ದಿನ ಷೇರು ಕೊಂಡು, ಡಿವಿಡೆಂಡ್ ಖಾತ್ರಿಯಾದೊಡನೆ ಮಾರಿಬಿಡುತ್ತಾರೆ. ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಹಣ ಹೊರಗೆ ಹೋಗುವುದು ಮಾರುಕಟ್ಟೆಗೆ ಗೊತ್ತಿರುವುದರಿಂದ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ದಲ್ಲಾಳಿ ಶುಲ್ಕ, ತೆರಿಗೆಯ ಖರ್ಚು.

ದೊಡ್ಡ ಮೊತ್ತ ಕಂಡಾಗ ಅದು ಎಲ್ಲಿಂದ ಬಂತು ಎಂದು ಕೇಳುವುದು ದೊಡ್ಡಪ್ಪನ ಪೆನ್ಸಿಲ್ ಕೆಲಸ. 2022-23ರಲ್ಲಿ ವೇದಾಂತ ಗಣಿ ಕಂಪನಿ ಷೇರಿಗೆ 101 ರೂಪಾಯಿ 50 ಪೈಸೆ ಡಿವಿಡೆಂಡ್ ಕೊಟ್ಟಿತು. ಅದರ ಮಾತೃ ಕಂಪನಿಗೆ ಸಾಲ ತೀರಿಸಲು ಹಣ ಬೇಕಿತ್ತು. ಮರುವರ್ಷ ಅದು 29 ರೂಪಾಯಿ 50 ಪೈಸೆಗೆ ಇಳಿಯಿತು. ಹಿಂದಿನ ವರ್ಷದ ಇಳುವರಿಯನ್ನೇ ನಂಬಿ ಮನೆಖರ್ಚಿನ ಪಟ್ಟಿ ಬರೆದವರ ಪಾಡೇನು? ಸರ್ಕಾರಿ ಕಂಪನಿಗಳದ್ದು ಇನ್ನೊಂದು ಬಗೆ. ಲಾಭದ ಶೇ. 30 ಅಥವಾ ನಿವ್ವಳ ಮೌಲ್ಯದ ಶೇ. 4, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನಾದರೂ ಹಂಚಬೇಕೆಂದು ಸರ್ಕಾರವೇ ಸೂಚಿಸಿದೆ, ಯಾಕೆಂದರೆ ದೊಡ್ಡ ಪಾಲು ಅದರ ಖಜಾನೆಗೇ ಹೋಗುತ್ತದೆ. ಕೋಲ್ ಇಂಡಿಯಾ 2010ರಲ್ಲಿ 245 ರೂಪಾಯಿಗೆ ಷೇರು ಕೊಟ್ಟಿತು. 2014ರ ಜನವರಿಯಲ್ಲಿ ಒಂದೇ ಸಲಕ್ಕೆ 29 ರೂಪಾಯಿ ಹಂಚಿತು. ಕೊಡುತ್ತಲೇ ಬಂದರೂ 2020ರ ಅಕ್ಟೋಬರ್‌ನಲ್ಲಿ ಅದರ ಬೆಲೆ ನೂರಿಪ್ಪತ್ತರ ಕೆಳಗೆ ಬಂದಿತ್ತು. 2024ರಲ್ಲಿ ಐನೂರು ದಾಟಿತು. ನಡುವೆ ಹಣದ ಅಗತ್ಯ ಬಿದ್ದು ಮಾರಿದವರಿಗೆ ಬಂದ ಡಿವಿಡೆಂಡೆಲ್ಲ ಅಸಲಿನ ನಷ್ಟಕ್ಕೇ ಸರಿಹೋಯಿತು. ಕಾಯುವ ಅನುಕೂಲವಿದ್ದವರು ಎರಡನ್ನೂ ಉಳಿಸಿಕೊಂಡರು. ಆ ಅನುಕೂಲ ಎಲ್ಲಿಂದ ಬರುತ್ತದೆ? ಪಿಎಫ್‌ನಿಂದ, ಪಿಪಿಎಫ್‌ನಿಂದ, ಆರು ತಿಂಗಳ ಖರ್ಚು ಬೇರೆಯಾಗಿ ಇಟ್ಟುಕೊಂಡ ಉಳಿತಾಯ ಖಾತೆಯಿಂದ.

ನನ್ನ ಡಿವಿಡೆಂಡ್ ಷೇರುಗಳ ಗುಂಪು ಹತ್ತಾರು ಕಂಪನಿಗಳ ಚಿಕ್ಕ ಸಂಸಾರ. ಸಾಫ್ಟ್‌ವೇರ್, ದಿನಬಳಕೆ ವಸ್ತು, ವಿದ್ಯುತ್ ಪ್ರಸರಣ, ಔಷಧಿ, ಬ್ಯಾಂಕ್ ಹೀಗೆ ಬೇರೆ ಬೇರೆ ಕಸುಬಿನವು. ಯಾವುದೇ ಒಂದರ ತೂಕ ಹತ್ತರಲ್ಲೊಂದು ಪಾಲನ್ನು ಮೀರದ ಹಾಗೆ ನೋಡಿಕೊಳ್ಳುತ್ತೇನೆ. ಸೇರಿಸುವ ಮುಂಚೆ ಮೂರು ವಿಷಯ ನೋಡುತ್ತೇನೆ. ಹತ್ತು ವರ್ಷದಿಂದ ಡಿವಿಡೆಂಡ್ ಏರುತ್ತ ಬಂದಿದೆಯೇ, ಕೊಡುವ ಹಣ ವ್ಯಾಪಾರದಿಂದ ನಿಜವಾಗಿ ಒಳಬಂದ ನಗದಿನೊಳಗೇ ಇದೆಯೇ, ಸಾಲ ಹಿಡಿತದಲ್ಲಿದೆಯೇ. ಇವುಗಳ ಜೊತೆ, ಬಾಡಿಗೆಗೆ ಕೊಟ್ಟ ಕಟ್ಟಡಗಳಲ್ಲಿ ಪಾಲು ಕೊಡುವ ರೀಟ್ ಯೂನಿಟ್ಟುಗಳೂ ಸ್ವಲ್ಪ ಇವೆ. 2019ರ ಏಪ್ರಿಲ್‌ನಲ್ಲಿ ಪೇಟೆಗೆ ಬಂದ ದೇಶದ ಮೊದಲ ರೀಟ್ ಬೆಂಗಳೂರಿನ ಎಂಬಸಿಯದೇ. ಹಂಚಬಹುದಾದ ನಗದಿನಲ್ಲಿ ಶೇ. 90ನ್ನಾದರೂ ಹಂಚಲೇಬೇಕು ಎಂಬ ನಿಯಮ ಇವಕ್ಕಿದೆ. ಹೆಬ್ಬಾಳ ದಾಟಿ ಎಂಬಸಿಯ ಮಾನ್ಯತಾ ಟೆಕ್ ಪಾರ್ಕಿನ ಎತ್ತರದ ಕಟ್ಟಡಗಳನ್ನು ನೋಡುವಾಗ ಅದರ ಬಾಡಿಗೆಯಲ್ಲಿ ಕೆಲವು ನೂರು ರೂಪಾಯಿಗೂ ಒಬ್ಬರು ಪಾಲುದಾರರಾಗಬಹುದು ಎನ್ನುವುದು ನನಗೆ ಈಗಲೂ ಅಚ್ಚರಿಯ ವಿಷಯ. ಊರಲ್ಲಿ ಬಾಡಿಗೆಮನೆ ಕಟ್ಟಿಸಲು ಹಿಂದೆ ಒಂದು ಜೀವಮಾನ ಹಿಡಿಯುತ್ತಿತ್ತು.

ತೆರಿಗೆಯ ಮಾತು ಬಿಟ್ಟರೆ ಈ ಲೆಕ್ಕ ಅರ್ಧ ಆಗುತ್ತದೆ. 1997ರಿಂದ ಸುಮಾರು ಎರಡು ದಶಕ ಡಿವಿಡೆಂಡ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು; ನಮ್ಮ ಕೈಗೆ ಬಂದದ್ದಕ್ಕೆ ಹೆಚ್ಚಿನವರು ತೆರಿಗೆ ಕಟ್ಟಬೇಕಿರಲಿಲ್ಲ. 2020ರ ಏಪ್ರಿಲ್‌ನಿಂದ ಅದು ನಮ್ಮ ಆದಾಯಕ್ಕೆ ಸೇರಿ, ನಮ್ಮ ದರದಲ್ಲೇ ತೆರಿಗೆ ಬೀಳುತ್ತದೆ. ಶೇ. 30ರ ದರದಲ್ಲಿರುವವರಿಗೆ ಸಾವಿರ ರೂಪಾಯಿ ಬಂದರೆ ಏಳುನೂರೂ ಪೂರ್ತಿ ಉಳಿಯುವುದಿಲ್ಲ. ಅದೇ ಷೇರನ್ನು ವರ್ಷ ಕಳೆದು ಮಾರಿದರೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಆಮೇಲಿನದಕ್ಕೆ ಶೇ. 12.5.

ಇದನ್ನು ಹಿಡಿದೇ ನನ್ನ ಮಗಳು ವಾದಕ್ಕೆ ನಿಂತಳು. “ಅಮ್ಮಾ, ಇಂಡೆಕ್ಸ್ ಫಂಡಲ್ಲಿ ಹಾಕಿ, ವರ್ಷಕ್ಕೆ ಬೇಕಾದಷ್ಟು ಮಾರ್ಕೊಂಡ್ರೆ ಆಯ್ತಲ್ಲ? ತೆರಿಗೆನೂ ಕಮ್ಮಿ, ತಲೆನೋವೂ ಕಮ್ಮಿ. ಡಿವಿಡೆಂಡ್ ಅಂದ್ರೂ ನಮ್ದೇ ದುಡ್ಡು ಒಂದು ಜೇಬಿಂದ ಇನ್ನೊಂದು ಜೇಬಿಗೆ ಬಂದಂಗೆ.”

ಅವಳ ಲೆಕ್ಕ ಸರಿ. ದುಡಿಯುವ ವಯಸ್ಸಿನವರಿಗೆ, ಹೆಚ್ಚಿನ ತೆರಿಗೆ ದರದವರಿಗೆ ಅವಳ ದಾರಿಯೇ ಮೇಲು ಎಂದು ನಾನೂ ಹೇಳುತ್ತೇನೆ. ಅವಳ ಹಣ ಹಾಗೇ ಬೆಳೆಯುತ್ತಿದೆ. ಆದರೆ ನಿವೃತ್ತರ ಲೆಕ್ಕ ಬೇರೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಡಿವಿಡೆಂಡೂ ಆ ಮಿತಿಯೊಳಗೆ ಸೇರುತ್ತದೆ. ಸಂಬಳ ನಿಂತ ಮೇಲೆ ಬಹಳ ಜನರಿಗೆ ಈ ತೆರಿಗೆಯ ತೊಡಕೇ ಇರುವುದಿಲ್ಲ. ಕಂಪನಿಯೊಂದರಿಂದ ವರ್ಷಕ್ಕೆ 10,000 ರೂಪಾಯಿ ಮೀರಿ ಬಂದಾಗ ಮೂಲದಲ್ಲೇ ಕಡಿದ ಶೇ. 10ನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಅದಕ್ಕಿಂತ ದೊಡ್ಡ ಕಾರಣ ಮನಸ್ಸಿನದು. 2020ರ ಜನವರಿಯಿಂದ ಮಾರ್ಚ್‌ವರೆಗೆ ನಿಫ್ಟಿ ಮೂರನೇ ಒಂದಕ್ಕಿಂತ ಹೆಚ್ಚು ಬಿದ್ದಿತ್ತು. ಹೊರಗೆ ಲಾಕ್‌ಡೌನ್, ಒಳಗೆ ಭಯ. ಆ ಹೊತ್ತಿನಲ್ಲಿ ತಿಂಗಳ ಖರ್ಚಿಗೆಂದು ಯೂನಿಟ್ಟು ಮಾರುವುದು ಕಾಗದದ ಮೇಲೆ ಸುಲಭ. ಎಪ್ಪತ್ತು ದಾಟಿದವರು ಒಬ್ಬರೇ ಕೂತು ಮಾರುವಾಗ ಕೈ ನಡುಗುತ್ತದೆ, ಭಯದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮಾರಿಬಿಡುತ್ತಾರೆ. ಡಿವಿಡೆಂಡ್ ಪಡೆಯುವವರಿಗೆ ಆ ನಿರ್ಧಾರವೇ ಎದುರಾಗುವುದಿಲ್ಲ. ಸೋಪು, ಔಷಧಿ, ವಿದ್ಯುತ್ ಮಾರುವ ಕಂಪನಿಗಳ ವ್ಯಾಪಾರ ಷೇರುಬೆಲೆ ಬಿದ್ದಷ್ಟು ಬೀಳುವುದಿಲ್ಲ. ಆದರೂ ಅದೇ ವರ್ಷದ ಇನ್ನೊಂದು ಪಾಠವನ್ನು ಮಗಳಿಗೆ ಹೇಳಿದೆ. ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು 2019-20ರ ಲಾಭದಿಂದ ಡಿವಿಡೆಂಡ್ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಆದೇಶಿಸಿತು. ಬ್ಯಾಂಕ್ ಷೇರುಗಳನ್ನೇ ತುಂಬಿಕೊಂಡಿದ್ದ ನಮ್ಮ ಕರಾವಳಿಯ ಹಿರಿಯರಿಗೆ ಬರುವುದು ನಿಂತುಹೋಯಿತು. ಪಾಲು ಎಂದರೆ ಬಾರದೇ ಇರಬಹುದಾದದ್ದೂ ಹೌದು. ಆದ್ದರಿಂದ ಅದು ಪಿಂಚಣಿಯ ಜಾಗಕ್ಕಲ್ಲ, ಪಿಂಚಣಿಯ ಪಕ್ಕಕ್ಕೆ.

ಬೆಳೆದ ಹಣ ಮನೆಯವರ ಕೈಗೆ ಸೇರಬೇಕಾದರೆ ಕಾಗದ ಸರಿ ಇರಬೇಕು. ದೊಡ್ಡಪ್ಪ ತೀರಿಕೊಂಡಾಗ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಷೇರುಪತ್ರಗಳು ಸಿಕ್ಕವು. ಮನೆ ಬದಲಾಗಿ ಕೆಲವು ಕಂಪನಿಗಳ ವಾರಂಟುಗಳು ವರ್ಷಗಟ್ಟಲೆ ಬಂದಿರಲಿಲ್ಲ. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಮಾತ್ರವಲ್ಲ, ಆ ಷೇರುಗಳೇ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದ ವಾಪಸು ಪಡೆಯಲು ದೊಡ್ಡಮ್ಮ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಸಹಿಯ ದೃಢೀಕರಣ ಎಂದು ಓಡಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ. “ಅವರು ಇಷ್ಟೆಲ್ಲ ಮಾಡಿಟ್ಟದ್ದು ನನಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು” ಎಂದು ಅವರು ಅಂದದ್ದು ಮರೆಯುವಂಥದ್ದಲ್ಲ. ಇಂದು ಎಲ್ಲವೂ ಡಿಮ್ಯಾಟ್. ಬ್ಯಾಂಕ್ ಖಾತೆ ಜೋಡಿಸಿ, ನಾಮನಿರ್ದೇಶನ ತುಂಬಿ, ಎಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿಡುವುದು ಷೇರು ಆರಿಸುವುದರಷ್ಟೇ ಮುಖ್ಯ ಕೆಲಸ.

ಮಗಳಿಗೂ, ಅವಳ ವಯಸ್ಸಿನ ಎಲ್ಲರಿಗೂ ನಾನು ಹೇಳುವ ಕ್ರಮ ಇದು. ಮೊದಲ ಸಂಬಳದಿಂದ ಪಿಎಫ್ ಮುಟ್ಟಬೇಡಿ. ಮೂವತ್ತರೊಳಗೆ ಪಿಪಿಎಫ್ ಶುರು ಮಾಡಿ. ಬೆಳೆಯುವ ಷೇರು, ಇಂಡೆಕ್ಸ್ ಫಂಡುಗಳಿಗೆ ತಿಂಗಳುತಿಂಗಳು ಹಾಕಿ. ಜೊತೆಯಲ್ಲೇ ಒಂದೆರಡು ಒಳ್ಳೆಯ ಡಿವಿಡೆಂಡ್ ಕಂಪನಿ ಇಟ್ಟುಕೊಂಡು ಅವುಗಳ ವಾರ್ಷಿಕ ವರದಿ ಓದಲು ಕಲಿಯಿರಿ, ಬಂದ ಹಣದಿಂದ ಮತ್ತೆ ಷೇರನ್ನೇ ಕೊಳ್ಳಿ. ಐವತ್ತು ದಾಟಿದ ಮೇಲೆ ತೂಕವನ್ನು ಮೆಲ್ಲಗೆ ಡಿವಿಡೆಂಡಿನ ಕಡೆಗೆ ಸರಿಸಿ. ಅರವತ್ತಕ್ಕೆ ಪಿಎಫ್ ಅಸಲಾಗಿ ಇರಲಿ, ಪಿಂಚಣಿ ಅಕ್ಕಿಬೇಳೆಗೆ ಬರಲಿ, ಡಿವಿಡೆಂಡ್ ಅದರ ಮೇಲಿನ ಬದುಕಿಗೆ ಬರಲಿ: ಊರಿಗೆ ಹೋಗುವ ರೈಲಿಗೆ, ಪುಸ್ತಕಕ್ಕೆ, ಮೊಮ್ಮಕ್ಕಳ ಶಾಲೆಯ ಫೀಸಿಗೆ. ದೊಡ್ಡ ಹಣವಂತರಿಗೆ ಮಾರುಕಟ್ಟೆಯನ್ನು ಕಾಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ನಮ್ಮಂಥ ಸಂಬಳದಾರರು ಅದನ್ನು ಸ್ವಲ್ಪಸ್ವಲ್ಪವಾಗಿ, ಮೂವತ್ತು ವರ್ಷ ಹಿಡಿದು ಕಟ್ಟಿಕೊಳ್ಳಬೇಕು. ಮಾರಲೇಬೇಕಾದ ದಿನ ನಮ್ಮ ಬದುಕಿನಲ್ಲಿ ಬಾರದ ಹಾಗೆ ಮಾಡಿಕೊಳ್ಳುವುದಕ್ಕೇ ಈ ಎಲ್ಲ ಉಳಿತಾಯ.